ನಿರೀಕ್ಷೆ ಎಂಬ ಪದ, ಗಿಲಿಯಡ್ ಎಂಬ ಊರು

ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 13ನೆಯ ಅಧ್ಯಾಯ ಕನ್ನಡ ಬೈಬಲ್‌ನಲ್ಲಿ ಮೂರು ಪದಗಳ ಮೇಲೆ ಬಂದು ನಿಲ್ಲುತ್ತದೆ: ನಂಬಿಕೆ, ನಿರೀಕ್ಷೆ, ಪ್ರೀತಿ. ಇಂಗ್ಲಿಷಿನ ‘ಹೋಪ್’ ಇರುವ ಜಾಗದಲ್ಲಿ ನಮ್ಮ ಅನುವಾದಕರು ‘ಭರವಸೆ’ ಎನ್ನಬಹುದಿತ್ತು, ‘ಆಶೆ’ ಎನ್ನಬಹುದಿತ್ತು. ಅವರು ಆರಿಸಿಕೊಂಡದ್ದು ನಿರೀಕ್ಷೆಯನ್ನು. ಆಡುಮಾತಿನಲ್ಲಿ ಈ ಪದಕ್ಕೆ ಅಂಥ ಪವಿತ್ರತೆಯೇನೂ ಇಲ್ಲ. ಮಳೆಯ ನಿರೀಕ್ಷೆ, ಪರೀಕ್ಷೆಯ ಫಲಿತಾಂಶದ ನಿರೀಕ್ಷೆ, ಪತ್ರದ ನಿರೀಕ್ಷೆ ಎನ್ನುತ್ತೇವೆ. ಭರವಸೆಯನ್ನು ಇನ್ನೊಬ್ಬರು ಕೊಡಬೇಕು. ನಿರೀಕ್ಷೆಯನ್ನು ಮಾತ್ರ ನಾವೇ ಬಾಗಿಲಲ್ಲಿ ನಿಂತು ಮಾಡಬೇಕು, ಬರುವವರು ಬರದೆಯೂ ಇರಬಹುದು ಎಂದು ಗೊತ್ತಿದ್ದು ಮಾಡಬೇಕು.

ಮೆರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ ಕಾದಂಬರಿಯನ್ನು ಮತ್ತೊಮ್ಮೆ ಓದುವಾಗ ನನಗೆ ಈ ಕನ್ನಡ ಪದ ಬಿಡದೆ ಬೆನ್ನು ಹತ್ತಿತು. ‘ಗಿಲಿಯಡ್’ ಪ್ರಕಟವಾದದ್ದು 2004ರಲ್ಲಿ. ಅವರ ಮೊದಲ ಕಾದಂಬರಿ ‘ಹೌಸ್‌ಕೀಪಿಂಗ್’ ಬಂದಿದ್ದು 1980ರಲ್ಲಿ. ನಡುವೆ 24 ವರ್ಷ ಅವರು ಕಾದಂಬರಿಯನ್ನೇ ಪ್ರಕಟಿಸಲಿಲ್ಲ. 2005ರಲ್ಲಿ ಪುಲಿಟ್ಜರ್ ಬಂತು. ಆಮೇಲೆ ಅದೇ ಊರಿನ, ಅದೇ ಎರಡು ಮನೆಗಳ ಕಥೆಯನ್ನು ‘ಹೋಮ್’ (2008), ‘ಲೈಲಾ’ (2014), ‘ಜ್ಯಾಕ್’ (2020) ಎಂದು ಮೂರು ಸಲ ಬೇರೆ ಬೇರೆ ಕಣ್ಣುಗಳಿಂದ ಬರೆದರು. (ಗಿಲಿಯಡ್ ಎಂದೊಡನೆ ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ನೆನಪಾಗುವ ಓದುಗರಿದ್ದಾರೆ. ಅದು ಇದೇ ಹೆಸರಿನ ಇನ್ನೊಂದು ಲೋಕ. ಒಂದೇ ಬೈಬಲ್ ಸ್ಥಳನಾಮದಿಂದ ಒಬ್ಬರು ಸೆರೆಮನೆ ಕಟ್ಟಿದರು, ಇನ್ನೊಬ್ಬರು ಬಡಕಲು ಹಳ್ಳಿಯೊಂದನ್ನು ಕಟ್ಟಿದರು.)

ಕಥೆ ಇಷ್ಟು. 1956. ಅಮೆರಿಕದ ಅಯೋವಾ ರಾಜ್ಯದ ಗಿಲಿಯಡ್ ಎಂಬ ಪುಟ್ಟ ಊರಿನ ಕಾಂಗ್ರಿಗೇಶನಲ್ ಚರ್ಚಿನ ಸಭಾಪಾಲಕ ಜಾನ್ ಏಮ್ಸ್‌ಗೆ 76 ವರ್ಷ. ಹೃದಯ ಕೈಕೊಡುತ್ತಿದೆ. ಮುಪ್ಪಿನಲ್ಲಿ ಹುಟ್ಟಿದ ಮಗನಿಗೆ ಇನ್ನೂ ಏಳು ವರ್ಷ. ಅವನು ದೊಡ್ಡವನಾಗುವಾಗ ತಾನಿರುವುದಿಲ್ಲ ಎಂದು ಗೊತ್ತಿರುವ ತಂದೆ, ಮಗ ದೊಡ್ಡವನಾದ ಮೇಲೆ ಓದಲಿ ಎಂದು ಪತ್ರ ಬರೆಯುತ್ತ ಕೂರುತ್ತಾನೆ. ಇಡೀ ಕಾದಂಬರಿ ಆ ಪತ್ರ.

ಒಂದು ಓದುಬಳಗದಲ್ಲಿ ಈ ಪುಸ್ತಕದ ಚರ್ಚೆಯಾದಾಗ ವಿದ್ಯಾರ್ಥಿಯೊಬ್ಬ, “ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ಲ ಸರ್” ಎಂದ. ಇನ್ನೊಬ್ಬಳು, “ನಾನು ಚರ್ಚಿಗೆ ಹೋಗುವವಳಲ್ಲ, ದೇವರನ್ನು ನಂಬುವವಳೂ ಅಲ್ಲ. ಇದು ನನಗೆ ಬರೆದ ಪುಸ್ತಕವಾ?” ಎಂದು ಕೇಳಿದಳು. ಮೊದಲ ಮಾತಿಗೆ ಉತ್ತರಿಸುವುದು ಸುಲಭ. ಮೊದಲ ಹೆಂಡತಿ ಲೂಯಿಸಾ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ, ಜೊತೆಗೇ ಆ ಹಸುಗೂಸೂ. ನಲವತ್ತು ವರ್ಷಕ್ಕೂ ಮೀರಿದ ಒಂಟಿತನ. ಅಣ್ಣ ನಾಸ್ತಿಕನಾಗಿ ಮನೆ ಬಿಡುತ್ತಾನೆ. ಅದೇ ಚರ್ಚಿನ ಸಭಾಪಾಲಕನಾಗಿದ್ದ ಅಪ್ಪನೂ ಕೊನೆಗೆ ಊರನ್ನೂ, ಬಹುಶಃ ನಂಬಿಕೆಯನ್ನೂ ಬಿಟ್ಟು ಅವನ ಹಿಂದೆ ಹೋಗುತ್ತಾನೆ. ಅರವತ್ತು ದಾಟಿದ ಮೇಲೆ ಒಂದು ಪಂಚಾಶತ್ತಮ ಹಬ್ಬದ ಭಾನುವಾರ, ಮಳೆಯಿಂದ ತಪ್ಪಿಸಿಕೊಳ್ಳಲು ಚರ್ಚಿನೊಳಕ್ಕೆ ಬಂದ ಅಪರಿಚಿತ ಹೆಂಗಸನ್ನು ಕಂಡು ಮುದುಕನ ಬದುಕು ತಲೆಕೆಳಗಾಗುತ್ತದೆ. ಅವಳೇ ಲೈಲಾ, ಪತ್ರ ಓದಬೇಕಾದ ಹುಡುಗನ ತಾಯಿ. ನಡೆದದ್ದು ಕಡಿಮೆಯೇನಲ್ಲ. ನಡೆದದ್ದನ್ನೆಲ್ಲ ಏಮ್ಸ್ ಮೆಲ್ಲನೆ ಹೇಳುತ್ತಾನೆ, ಅಷ್ಟೇ. ಎರಡನೆಯ ಪ್ರಶ್ನೆ ಕಷ್ಟದ್ದು. ಆ ಹುಡುಗಿಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಬರಹ.

ನಾನು ಈ ಕಾದಂಬರಿಯ ಹೃದಯ ಎಂದು ಎಣಿಸುವ ಭಾಗ ಏಮ್ಸ್‌ನ ಚರ್ಚಿನಲ್ಲಿ ನಡೆಯುವುದಲ್ಲ. ಸುಟ್ಟುಹೋದ ಬೇರೊಂದು ಚರ್ಚಿನ ಅಂಗಳದಲ್ಲಿ ನಡೆಯುವುದು. ಏಮ್ಸ್ ಚಿಕ್ಕವನಿದ್ದಾಗ ಸಿಡಿಲು ಬಡಿದು ಬ್ಯಾಪ್ಟಿಸ್ಟರ ಚರ್ಚು ಉರಿದುಹೋಗುತ್ತದೆ. ಪಂಥ ಬೇರೆಯಾದರೂ ಊರಿನವರೆಲ್ಲ ಸೇರಿ ಅವಶೇಷವನ್ನು ಕೆಡವಲು ಬರುತ್ತಾರೆ. ಸಣ್ಣಗೆ ಮಳೆ. ಗಂಡಸರು ಮಸಿ ಬಡಿದ ತೊಲೆಗಳನ್ನು ಎಳೆಯುತ್ತಿದ್ದಾರೆ. ಹೆಂಗಸರು ತಿಂಡಿತಿನಿಸು ತಂದಿದ್ದಾರೆ. ಹಾಳಾದ ಬೈಬಲ್‌ಗಳನ್ನೂ ಕೀರ್ತನೆ ಪುಸ್ತಕಗಳನ್ನೂ ಎಸೆಯಲು ಮನಸ್ಸು ಬಾರದೆ ಗುಂಡಿ ತೋಡಿ, ಪ್ರಾರ್ಥನೆ ಮಾಡಿ ಹೂಳುತ್ತಾರೆ. ಕೆಲಸದ ನಡುವೆ ಹಾಡುತ್ತಾರೆ. ಅಪ್ಪ ಬಂದು ಮಸಿ ಮೆತ್ತಿದ ಕೈಯಿಂದಲೇ ಹುಡುಗನಿಗೆ ಒಂದು ಬಿಸ್ಕತ್ತು ಕೊಡುತ್ತಾನೆ. ಬಿಸ್ಕತ್ತಿಗೂ ಬೂದಿ ಹತ್ತಿದೆ.

ಏಮ್ಸ್‌ಗೆ ಇದು ಜೀವಮಾನವಿಡೀ ಕರ್ತನ ಭೋಜನದಂತೆ ನೆನಪಿದೆ. ಅಪ್ಪ ಆ ರೊಟ್ಟಿಯನ್ನು ಮುರಿದು ತನ್ನ ಬಾಯಿಗೇ ಇಟ್ಟ ಎಂಬಂತೆ ನೆನಪಿದೆ. ಆದರೆ ಹಾಗೆ ಬರೆದ ಕೂಡಲೇ, ನಿಜವಾಗಿ ಅಪ್ಪ ಹಾಗೆ ಮಾಡಿರಲಿಲ್ಲ ಎಂದೂ ಅವನು ತಿದ್ದುತ್ತಾನೆ. ಬಿಸ್ಕತ್ತನ್ನು ಕೈಗೆ ಕೊಟ್ಟಿದ್ದ, ಅಷ್ಟೇ. ಇಲ್ಲಿ ನನಗೆ ರಾಬಿನ್ಸನ್ ದೊಡ್ಡ ಲೇಖಕಿಯಾಗಿ ಕಾಣುತ್ತಾರೆ. ಧಾರ್ಮಿಕ ಕಾದಂಬರಿಗಳ ಖಾಯಂ ಕಾಯಿಲೆಯೆಂದರೆ ಎಲ್ಲವನ್ನೂ ಸಂಕೇತವಾಗಿಸುವುದು. ಇವರು ಸಂಕೇತವನ್ನು ಕಟ್ಟಿ, ಮರುಕ್ಷಣವೇ ಅದಕ್ಕಿಂತ ಸಣ್ಣದಾದ ನಿಜವನ್ನು ಅದರ ಪಕ್ಕದಲ್ಲಿಡುತ್ತಾರೆ. ಎರಡೂ ಉಳಿದುಕೊಳ್ಳುತ್ತವೆ. ಮುಂದೊಂದು ಭಾನುವಾರ, ಆರಾಧನೆ ಮುಗಿದ ಮೇಲೆ, ಲೈಲಾ ಮಗನನ್ನು ಮುಂದಕ್ಕೆ ಕರೆತಂದು ಅವನಿಗೂ ಸ್ವಲ್ಪ ಕೊಡಿ ಎನ್ನುತ್ತಾಳೆ. ಆಗ ಏಮ್ಸ್ ನಿಜವಾಗಿಯೇ ರೊಟ್ಟಿ ಮುರಿದು ತನ್ನ ಕೈಯಾರೆ ಮಗನ ಬಾಯಿಗಿಡುತ್ತಾನೆ. ಅಪ್ಪ ಮಾಡದೆ ಬಿಟ್ಟದ್ದನ್ನು, ತನ್ನ ನೆನಪು ಮಾತ್ರ ಮಾಡಿದ್ದನ್ನು, ಮಗನಿಗೆ ಮಾಡುತ್ತಾನೆ.  

ದಕ್ಷಿಣ ಕನ್ನಡದ ಪ್ರಾಟೆಸ್ಟಂಟ್ ಕ್ರೈಸ್ತರು ‘ಸಭೆ’ ಎನ್ನುವುದು ಇದನ್ನೇ. ಕಟ್ಟಡಕ್ಕೆ ದೇವಾಲಯ ಎಂದೋ ಚರ್ಚು ಎಂದೋ ಹೆಸರು. ಒಳಗೆ ಕೂರುವವರು ಸಭೆ. ಸಭೆಯ ಹಿರಿಯರು, ಸಭಾಪಾಲಕರು, ಸಭೆಗೆ ಸೇರುವುದು, ಸಭೆಯಿಂದ ದೂರವಾಗುವುದು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರ ಇತಿಹಾಸ ಓದಿದರೆ ಈ ಪದದ ತೂಕ ತಿಳಿಯುತ್ತದೆ. ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿಯ ಜೊತೆಗೆ ಕಸುಬನ್ನೂ, ನಿಲ್ಲುವ ನೆಲವನ್ನೂ ಕಳೆದುಕೊಂಡರು. ಹಾಗಾಗಿ ಮಿಶನ್ ನೇಯ್ಗೆಯ ಕೆಲಸ ಶುರುಮಾಡಬೇಕಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಬೇಕಾಯಿತು. ಕರಾವಳಿಯ ಮನೆಗಳ ಮೇಲಿನ ಆ ಕೆಂಪು ಹೆಂಚಿನ ಹಿಂದೆ ನಂಬಿಕೆ ಬದಲಾಯಿಸಿದವರ ಹೊಟ್ಟೆಪಾಡಿನ ಪ್ರಶ್ನೆಯಿದೆ. ಅಲ್ಲಿ ಸಭೆ ಎಂದರೆ ಭಾನುವಾರದ ಹಾಡಷ್ಟೇ ಅಲ್ಲ, ಸೋಮವಾರದ ಕೂಲಿಯೂ ಹೌದು. ನಾ. ಡಿಸೋಜ ಅವರ ಒಂದು ಕಾದಂಬರಿಯ ಹೆಸರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’. ಆ ಹೆಸರೊಂದೇ ಸಾಕು, ಇಗರ್ಜಿಯನ್ನು ಮನೆಗಳ ಲೆಕ್ಕದಲ್ಲಿ ಅಳೆಯುತ್ತದೆ.

ಗಿಲಿಯಡ್‌ನ ಸಭೆಯೂ ಅಂಥದ್ದೇ. ಏಮ್ಸ್‌ನ ಒಂಟಿತನದ ವರ್ಷಗಳಲ್ಲಿ ಹೆಂಗಸರು ಅಡುಗೆಯ ಪಾತ್ರೆಗಳನ್ನು ತಂದಿಟ್ಟು ಹೋಗುತ್ತಾರೆ. ಸಾವಾದ ಮನೆಗೆ ನೆರೆಯವರು ಗಂಜಿ ತರುವ ರೂಢಿ ಬಲ್ಲ ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಹೆಂಗಸರು ದೇವರ ವಿಷಯ ಮಾತಾಡುವುದಿಲ್ಲ. ದೇವರ ವಿಷಯ ಮಾತಾಡುವ ಹೊಣೆ ಏಮ್ಸ್‌ನದು, ಮತ್ತು ಆ ಹೊಣೆಯ ಬಗ್ಗೆ ಅವನಿಗೆ ದೊಡ್ಡ ಭ್ರಮೆಗಳಿಲ್ಲ. ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಪ್ರಸಂಗಗಳಿವೆ. 45 ವರ್ಷ, ವರ್ಷಕ್ಕೆ 50ರಂತೆ 2,250 ಪ್ರಸಂಗ, ಒಂದಕ್ಕೆ ಸರಾಸರಿ 30 ಪುಟದಂತೆ 67,500 ಪುಟ ಎಂದು ಲೆಕ್ಕ ಹಾಕುತ್ತಾನೆ. ಸತ್ತ ಮೇಲೆ ಅವನ್ನೆಲ್ಲ ಸುಡಿಸಬೇಕೆ ಎಂದು ಯೋಚಿಸುತ್ತಾನೆ. ತನ್ನ ಬರವಣಿಗೆಯಲ್ಲಿ ಹೆಮ್ಮೆಯಿಂದ ನಿಲ್ಲಬಲ್ಲೆ ಎನಿಸುವ ಪ್ರಸಂಗ ಅವನ ಮಟ್ಟಿಗೆ ಒಂದೇ, ಮತ್ತು ಅದನ್ನು ಅವನು ಹೇಳಲೇ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಇನ್‌ಫ್ಲುಯೆಂಜಾ ಬಂದು ಎಳೆಯ ಹುಡುಗರು ಸಾಯುತ್ತಿದ್ದಾಗ ಯುದ್ಧಕ್ಕೆ ವಿರುದ್ಧವಾಗಿ ಬರೆದ ಪ್ರಸಂಗವದು. ಭಾನುವಾರ ಬರುವವರು ಮೊದಲೇ ನೊಂದಿರುವ ಕೆಲವು ಮುದುಕಿಯರು ಮಾತ್ರ, ಅವರಿಗಿದನ್ನು ಹೇಳಿ ಏನು ಫಲ ಎನಿಸಿ ಒಲೆಗೆ ಹಾಕುತ್ತಾನೆ. ಕರುಣೆಯಿಂದ ಸುಟ್ಟನೋ, ಅಂಜಿಕೆಯಿಂದಲೋ? ಎರಡೂ ಇದ್ದವು ಎಂದೇ ನನ್ನ ಓದು. ಸಭೆಯನ್ನು ಪ್ರೀತಿಸುವವನಿಗೆ ಸಭೆಗೆ ಕಹಿ ಹೇಳಲು ಬಾಯಿ ಬರುವುದಿಲ್ಲ. ಈ ಸಣ್ಣ ಘಟನೆಯನ್ನು ನೆನಪಿಟ್ಟುಕೊಳ್ಳಿ. ಕಾದಂಬರಿಯ ದೊಡ್ಡ ಪ್ರಶ್ನೆ ಇದರಲ್ಲೇ ಇದೆ.

ಅಣ್ಣ ಎಡ್ವರ್ಡನನ್ನು ಸಭೆಯವರೇ ಹಣ ಕೂಡಿಸಿ ಓದಿಸಿ ಜರ್ಮನಿಗೆ ಕಳಿಸಿದ್ದರು. ಅವನು ನಂಬಿಕೆ ಕಳೆದುಕೊಂಡು ಬಂದು, ಊಟದ ಮೇಜಿನಲ್ಲಿ ಪ್ರಾರ್ಥನೆ ಹೇಳಲು ನಿರಾಕರಿಸಿದ. ಬೇರೆ ಲೇಖಕರಾಗಿದ್ದರೆ ಇಲ್ಲಿಂದ ಆಸ್ತಿಕ–ನಾಸ್ತಿಕರ ಜಗಳ ಶುರುವಾಗುತ್ತಿತ್ತು. ಏಮ್ಸ್ ಮಾಡುವುದು ಬೇರೆ. ಅಣ್ಣ ಕೊಟ್ಟ ಫಾಯರ್‌ಬಾಖ್‌ನ ಪುಸ್ತಕವನ್ನು, ಅಂದರೆ ದೇವರು ಮನುಷ್ಯನದೇ ಪ್ರತಿಬಿಂಬ ಎಂದು ವಾದಿಸುವ ಪುಸ್ತಕವನ್ನು, ಜೀವಮಾನವಿಡೀ ಇಟ್ಟುಕೊಂಡು ಓದುತ್ತಾನೆ. ಧರ್ಮದ ಸಂತೋಷದ ಬಗ್ಗೆ ಆ ನಾಸ್ತಿಕನಷ್ಟು ಚೆನ್ನಾಗಿ ಬರೆದವರಿಲ್ಲ ಎಂದು ಮೆಚ್ಚುತ್ತಾನೆ. ನಮ್ಮ ಓದುಬಳಗದ ಆ ಹುಡುಗಿಗೆ ನಾನು ತೋರಿಸಿದ ಮೊದಲ ಪುಟ ಇದು. ನಂಬದವರನ್ನು ಹೊರಗೆ ನಿಲ್ಲಿಸುವ ಪುಸ್ತಕವಲ್ಲ ಇದು. ಅವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. “ಅಣ್ಣನಿಗೆ ಜಾಗ ಇದೆ ಸರ್, ಅವನು ಓದಿದವನು. ಜ್ಯಾಕ್‌ಗೆ ಇದೆಯಾ?” ಎಂದಳು. ಸರಿಯಾದ ಜಾಗಕ್ಕೆ ಕೈ ಹಾಕಿದ್ದಳು.

ಏಮ್ಸ್‌ನ ಆಪ್ತ ಗೆಳೆಯ ಬೌಟನ್, ಪ್ರೆಸ್ಬಿಟೇರಿಯನ್ ಸಭಾಪಾಲಕ. ಅವನ ಮಗನೇ ಜ್ಯಾಕ್. ಪೂರ್ತಿ ಹೆಸರು ಜಾನ್ ಏಮ್ಸ್ ಬೌಟನ್. ಮಕ್ಕಳಿಲ್ಲದ ಗೆಳೆಯನಿಗೆ ಸಂತೋಷವಾಗಲಿ ಎಂದು, ದೀಕ್ಷಾಸ್ನಾನದ ಹೊತ್ತಿಗೆ ಮುನ್ಸೂಚನೆಯಿಲ್ಲದೆ ಇಟ್ಟ ಹೆಸರು. ಕೂಸನ್ನು ಎತ್ತಿಕೊಂಡಿದ್ದ ಏಮ್ಸ್‌ನ ಮನಸ್ಸು ಆ ಹೆಸರು ಕೇಳಿ ತಣ್ಣಗಾಗುತ್ತದೆ. ತನ್ನದೇ ಕೂಸು ಮಣ್ಣಾಗಿರುವಾಗ ಇದು ನನ್ನ ಮಗುವಲ್ಲ ಎಂಬ ಭಾವ. ಮಾತು ಸರಿಯಾಗಿ ಹೇಳಿದ, ನೀರು ಮುಟ್ಟಿಸಿದ, ಮನಸ್ಸು ಮಾತ್ರ ಹಿಂದೆ ಸರಿದಿತ್ತು. ಆ ಮಗು ಬೆಳೆದು ಕಳ್ಳತನ, ಸುಳ್ಳು, ಕುಡಿತಗಳಲ್ಲಿ ಹೆಸರು ಕೆಡಿಸಿಕೊಂಡಿತು. ಒಬ್ಬ ಬಡ ಹುಡುಗಿಗೆ ಮಗು ಕೊಟ್ಟು ಕೈಬಿಟ್ಟಿತು. ಆ ಮಗು ಮೂರರ ವಯಸ್ಸಿನಲ್ಲಿ ಸತ್ತಿತು. ಈಗ ನಲವತ್ತು ದಾಟಿದ ಜ್ಯಾಕ್ ಇಪ್ಪತ್ತು ವರ್ಷಗಳ ಬಳಿಕ ಊರಿಗೆ ಬಂದಿದ್ದಾನೆ. ತಪ್ಪಿಹೋದ ಮಗನ ಕಥೆ ಗೊತ್ತಿರುವ ಎರಡು ಮನೆಗಳಿಗೂ ಆ ಕಥೆಯಲ್ಲಿ ಪಾತ್ರವಾಗುವುದು ಹೇಗೆಂದು ಗೊತ್ತಾಗುವುದಿಲ್ಲ.

ಜ್ಯಾಕ್ ಒಂದು ಸಂಜೆ ಇಬ್ಬರು ಮುದುಕ ಸಭಾಪಾಲಕರ ಮುಂದೆ ಪ್ರಶ್ನೆಯಿಡುತ್ತಾನೆ. ಕೆಲವರನ್ನು ದೇವರು ಮೊದಲೇ ನಾಶಕ್ಕೆ ನೇಮಿಸಿಬಿಟ್ಟಿರುತ್ತಾನೆಯೇ? ಕ್ಯಾಲ್ವಿನ್‌ನ ಪರಂಪರೆಯವರಿಗೆ ಇದು ಹಳೆಯ ತೊಡಕು. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಭೇದವನ್ನು ಮಧ್ವಾಚಾರ್ಯರಿಂದ ಕೇಳಿರುವ ನಾಡಿಗೂ ಹೊಸತಲ್ಲ. ಏಮ್ಸ್ ತಪ್ಪಿಸಿಕೊಳ್ಳುತ್ತಾನೆ. ಶಾಸ್ತ್ರದಲ್ಲಿ ಹೀಗಿದೆ, ಹಾಗೂ ಇದೆ, ಈ ಚರ್ಚೆಯಿಂದ ಬೆಳಕು ಬಂದದ್ದು ಕಂಡಿಲ್ಲ ಎನ್ನುತ್ತಾನೆ. ಆಗ ಅಷ್ಟು ಹೊತ್ತು ಸುಮ್ಮನಿದ್ದ ಲೈಲಾ ಮಾತಾಡುತ್ತಾಳೆ. ಶಾಲೆಗೆ ಸರಿಯಾಗಿ ಹೋಗದವಳು, ಬೀದಿ ಬದುಕಿನಿಂದ ಬಂದವಳು, ದೊಡ್ಡವಳಾದ ಮೇಲೆ ದೀಕ್ಷಾಸ್ನಾನ ಪಡೆದವಳು. ಮನುಷ್ಯ ಬದಲಾಗಬಲ್ಲ, ಎಲ್ಲವೂ ಬದಲಾಗಬಲ್ಲದು ಎಂಬರ್ಥದ ಎರಡು ಚಿಕ್ಕ ಮಾತು, ಅಷ್ಟೇ.

ಇಲ್ಲಿ ನನಗೆ ‘ಸಂಸ್ಕಾರ’ ನೆನಪಾಗದೆ ಇರಲಿಲ್ಲ. ನಾರಣಪ್ಪನ ಹೆಣ ಕೊಳೆಯುತ್ತಿದೆ, ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಿದ್ದಾರೆ, ಅಗ್ರಹಾರ ಹಸಿದು ಕಾಯುತ್ತಿದೆ. ಕೊನೆಗೆ ಹೆಣ ಸುಡಿಸಿದವಳು ಚಂದ್ರಿ, ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯ ನೆರವಿನಿಂದ, ರಾತ್ರೋರಾತ್ರಿ. ಎರಡು ಕಡೆಯೂ ಗ್ರಂಥ ಬಲ್ಲವರು ಉತ್ತರವಿಲ್ಲದೆ ನಿಂತಾಗ ಗ್ರಂಥದ ಹೊರಗಿನ ಹೆಂಗಸು ಆಗಬೇಕಾದದ್ದನ್ನು ಮಾಡುತ್ತಾಳೆ ಅಥವಾ ಹೇಳುತ್ತಾಳೆ. ಆದರೆ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು. ಅನಂತಮೂರ್ತಿಯವರಿಗೆ ಅಗ್ರಹಾರ ಸತ್ತುಹೋದ ಸಂಸ್ಥೆ. ಆಚಾರ್ಯರು ಅದರಿಂದ ಹೊರನಡೆದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ರಾಬಿನ್ಸನ್‌ಗೆ ಸಭೆ ಸತ್ತಿಲ್ಲ. ಅದು ಬದುಕಿದೆ, ಪ್ರೀತಿಸುತ್ತದೆ, ಅಡುಗೆ ತರುತ್ತದೆ. ಬದುಕಿರುವ, ಪ್ರೀತಿಸಬಲ್ಲ ಸಂಸ್ಥೆಯ ತಪ್ಪನ್ನು ಬರೆಯುವುದು ಸತ್ತದ್ದರ ತಪ್ಪನ್ನು ಬರೆಯುವುದಕ್ಕಿಂತ ಕಷ್ಟ. ‘ಸಂಸ್ಕಾರ’ವನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ, ಎರಡರ ಕಷ್ಟಗಳು ಬೇರೆ.

ಆ ತಪ್ಪು ಯಾವುದು? ಜ್ಯಾಕ್ ಕೊನೆಗೆ ಏಮ್ಸ್‌ನ ಬಳಿ ಒಂದು ಭಾವಚಿತ್ರ ತೆಗೆದು ತೋರಿಸುತ್ತಾನೆ. ಅವನಿಗೆ ಹೆಂಡತಿಯಿದ್ದಾಳೆ, ಹೆಸರು ಡೆಲ್ಲಾ, ಕಪ್ಪು ಜನಾಂಗದವಳು, ಅವಳ ತಂದೆಯೂ ಸಭಾಪಾಲಕ. ಒಬ್ಬ ಮಗನೂ ಇದ್ದಾನೆ. ಮಿಸೌರಿಯಲ್ಲಿ ಅವರ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಅಂಥ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದುಗೊಳಿಸಿದ್ದು 1967ರಲ್ಲಿ. ಅಯೋವಾದಲ್ಲಿ ಆ ಕಾನೂನು ಇರಲಿಲ್ಲ. ಹಾಗಾಗಿ ಜ್ಯಾಕ್ ಇಪ್ಪತ್ತು ವರ್ಷಗಳ ಬಳಿಕ ಊರಿಗೆ ಬಂದಿದ್ದು ಅಪ್ಪನ ಕ್ಷಮೆ ಕೇಳಲಷ್ಟೇ ಅಲ್ಲ, ಇಲ್ಲಿ ಸಂಸಾರ ಹೂಡಬಹುದೇ ಎಂದು ನೋಡಿಹೋಗಲು. ಗಿಲಿಯಡ್ ನಮ್ಮನ್ನು ಸೇರಿಸಿಕೊಂಡೀತೇ? ಏಮ್ಸ್‌ನ ಬಳಿ ಹೌದೆನ್ನುವ ಉತ್ತರವಿಲ್ಲ.

ಈ ಪ್ರಶ್ನೆಯ ಕಟುತ್ವ ತಿಳಿಯಲು ಊರಿನ ಇತಿಹಾಸ ಬೇಕು. ರಾಬಿನ್ಸನ್ ತಮ್ಮ ಗಿಲಿಯಡ್‌ಗೆ ಮಾದರಿಯಾಗಿ ಇಟ್ಟುಕೊಂಡದ್ದು ಅಯೋವಾದ ಟೇಬರ್ ಎಂಬ ಊರನ್ನು. ಅಮೆರಿಕದ ಅಂತರ್ಯುದ್ಧಕ್ಕೆ ಮೊದಲು ಗುಲಾಮಗಿರಿ ವಿರೋಧಿಗಳು ನೆಲೆಮಾಡಿಕೊಂಡ, ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟ ಊರು ಅದು. ಏಮ್ಸ್‌ನ ಅಜ್ಜ ಅಂಥವನು. ಸಂಕೋಲೆ ತೊಟ್ಟ ಕ್ರಿಸ್ತನನ್ನು ದರ್ಶನದಲ್ಲಿ ಕಂಡು ಮನೆ ಬಿಟ್ಟವನು, ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವನು, ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಪ್ರಸಂಗ ಮಾಡಿದವನು, ಮನೆಯಲ್ಲಿದ್ದುದನ್ನೆಲ್ಲ ಬಡವರಿಗೆ ಎತ್ತಿಕೊಟ್ಟು ಸೊಸೆಯನ್ನು ಕಂಗಾಲು ಮಾಡಿದವನು. ಮುದುಕನ ಚಿತ್ರ ಭಯ ಹುಟ್ಟಿಸುತ್ತದೆ, ನಗುವನ್ನೂ ತರುತ್ತದೆ. ಆ ಊರಿನಲ್ಲೇ ಹಿಂದೊಮ್ಮೆ ಕಪ್ಪು ಜನರ ಪುಟ್ಟ ಚರ್ಚೊಂದಿತ್ತು. ಯಾರೋ ಅದರ ಗೋಡೆಗೆ ಬೆಂಕಿಯಿಟ್ಟರು. ಆ ಸಭೆಯವರು ಊರು ಬಿಟ್ಟು ಶಿಕಾಗೋಗೆ ಹೋದರು. ಜ್ಯಾಕ್ ಇದನ್ನು ಕೇಳಿದಾಗ ಏಮ್ಸ್, ಅದು ಸಣ್ಣ ಬೆಂಕಿ, ಬಹಳ ಹಿಂದಿನ ಮಾತು ಎಂಬ ಧಾಟಿಯಲ್ಲಿ ಉತ್ತರಿಸುತ್ತಾನೆ.

ಈಗ ಎರಡು ಬೆಂಕಿಗಳನ್ನು ಅಕ್ಕಪಕ್ಕ ಇಡಿ. ಸಿಡಿಲಿಗೆ ಉರಿದ ಬಿಳಿಯರ ಚರ್ಚಿಗೆ ಇಡೀ ಊರು ಓಡಿತು. ಪಂಥ ಕೇಳಲಿಲ್ಲ, ಮಳೆ ನೋಡಲಿಲ್ಲ, ಹಾಡಿತು, ರೊಟ್ಟಿ ಹಂಚಿತು. ಮನುಷ್ಯರಿಟ್ಟ ಬೆಂಕಿಗೆ ಸಿಕ್ಕಿದ ಕಪ್ಪು ಜನರ ಚರ್ಚಿನ ನೆನಪು ಏಮ್ಸ್‌ಗೆ ಕೆಲವು ಸಾಲುಗಳಷ್ಟು. ಅಲ್ಲಿಗೆ ಅಡುಗೆಯ ಪಾತ್ರೆ ಹೋದದ್ದನ್ನು ಕಾದಂಬರಿ ಹೇಳುವುದಿಲ್ಲ. ಆ ಮೊದಲ ಬೆಂಕಿಯ ಬೂದಿ ಹತ್ತಿದ ರೊಟ್ಟಿಯ ಸೊಗಸಿನಲ್ಲಿ ಕರಗಿದ್ದ ನಾನು ಎರಡನೆಯದನ್ನು ಓದಿ ಪುಟ ಮಡಿಸಿ ಕೂತೆ. ರಾಬಿನ್ಸನ್ ಈ ಎರಡನ್ನೂ ಒಂದೇ ಪುಸ್ತಕದಲ್ಲಿಟ್ಟದ್ದು ಆಕಸ್ಮಿಕವಲ್ಲ. ನಂಬಿಕೆಯನ್ನು ಕೈಯಿಂದ ಕೈಗೆ ದಾಟಿಸುವವರು ಮನುಷ್ಯರೇ ಆದ್ದರಿಂದ, ಆ ಕೈಗಳು ಎಲ್ಲಿಯವರೆಗೆ ಚಾಚುತ್ತವೋ ನಂಬಿಕೆಯೂ ಅಲ್ಲಿಯವರೆಗೆ ಮಾತ್ರ ಹೋಗುತ್ತದೆ. ಪುಸ್ತಕದ ಹೆಸರಿನಲ್ಲೂ ಇದರ ನೆರಳಿದೆ. ಗಾಯಕ್ಕೆ ಹಚ್ಚುವ ಔಷಧಕ್ಕೆ ಹೆಸರಾದ ನಾಡು ಬೈಬಲಿನ ಗಿಲ್ಯಾದ್. ಆ ಔಷಧದ ಕುರಿತ ಹಾಡನ್ನು ಅಮೆರಿಕದಲ್ಲಿ ಬಾಯಿಂದ ಬಾಯಿಗೆ ಉಳಿಸಿದವರು ಕಪ್ಪು ಜನರು.

ವಿಮರ್ಶಕರಲ್ಲಿ ಕೆಲವರು ‘ಗಿಲಿಯಡ್’ ಬರಿಯ ಸಾಂತ್ವನದ ಪುಸ್ತಕ ಎನ್ನುತ್ತಾರೆ. ಬರಾಕ್ ಒಬಾಮ ಅಧ್ಯಕ್ಷರಾಗಿದ್ದಾಗಲೇ, 2015ರಲ್ಲಿ, ಅಯೋವಾಕ್ಕೆ ಹೋಗಿ ರಾಬಿನ್ಸನ್ ಅವರನ್ನು ತಾವೇ ಸಂದರ್ಶಿಸಿದರು. ಅಂಥ ಮನ್ನಣೆಗಳಿಂದಲೂ ಇದು ಎಲ್ಲರಿಗೂ ಹಿತವಾಗುವ ಪುಸ್ತಕ ಎಂಬ ಹೆಸರು ಬಂದಿರಬಹುದು. ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಏಮ್ಸ್‌ನ ದನಿ ಎಷ್ಟು ಆಪ್ಯಾಯಮಾನವೆಂದರೆ ಅವನು ಮರೆತದ್ದನ್ನು ನಾವೂ ಮರೆತುಬಿಡುವ ಅಪಾಯವಿದೆ. ಡೆಲ್ಲಾ ಇಲ್ಲಿ ಒಂದು ಭಾವಚಿತ್ರ ಮಾತ್ರ. ಅವಳ ಕಡೆಯಿಂದ ಈ ಊರು ಹೇಗೆ ಕಾಣುತ್ತದೆ ಎಂಬುದಕ್ಕೆ ‘ಜ್ಯಾಕ್’ ಕಾದಂಬರಿಯವರೆಗೆ ಕಾಯಬೇಕು, ಅಲ್ಲೂ ನಾವಿರುವುದು ಜ್ಯಾಕ್‌ನ ತಲೆಯೊಳಗೆ. ನಾಲ್ಕು ಕಾದಂಬರಿ ಬರೆದರೂ ಡೆಲ್ಲಾಳ ಕಣ್ಣಿನಿಂದ ಒಂದನ್ನು ಬರೆಯದಿರುವುದು ಈ ಸರಣಿಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಇನ್ನರ್ಧ ಒಪ್ಪದಿರಲು ಕಾರಣ ಬಸ್ ನಿಲ್ದಾಣದ ಭಾಗ. ಅಪ್ಪ ಸಾವಿನ ಹಾಸಿಗೆಯಲ್ಲಿರುವಾಗಲೇ ಜ್ಯಾಕ್ ಮತ್ತೆ ಊರು ಬಿಡುತ್ತಿದ್ದಾನೆ. ಏಮ್ಸ್ ಅವನ ಜೊತೆ ಬಸ್ಸಿಗೆ ಹೋಗಿ, ಆಶೀರ್ವದಿಸಲೇ ಎಂದು ಕೇಳುತ್ತಾನೆ. ಜ್ಯಾಕ್ ಟೊಪ್ಪಿ ತೆಗೆದು ತಲೆ ಬಾಗಿಸುತ್ತಾನೆ, ಮುದುಕ ಹಣೆಯ ಮೇಲೆ ಕೈಯಿಡುತ್ತಾನೆ. ನಲವತ್ತು ವರ್ಷದ ಹಿಂದೆ ಮನಸ್ಸಿಲ್ಲದೆ ಕೊಟ್ಟ ದೀಕ್ಷಾಸ್ನಾನವನ್ನು ಮುದುಕ ಈಗ ಮನಸಾರೆ ಕೊಡುತ್ತಿದ್ದಾನೆ. ಅಷ್ಟಾದರೂ ಬಸ್ಸು ಬರುತ್ತದೆ, ಜ್ಯಾಕ್ ಹೋಗುತ್ತಾನೆ. ಆಶೀರ್ವಾದದಿಂದ ಊರು ಬದಲಾಗಲಿಲ್ಲ, ಕಾನೂನು ಬದಲಾಗಲಿಲ್ಲ. ಬದಲಾದದ್ದು ಜ್ಯಾಕ್‌ನನ್ನು ಜೀವಮಾನವಿಡೀ ಅನುಮಾನದಿಂದ ಕಂಡ ಒಬ್ಬ ಮುದುಕ ಮಾತ್ರ, ಅದೂ ಸಾಯುವ ಹೊಸ್ತಿಲಲ್ಲಿ. ಇಷ್ಟು ಸಾಲದು ಎಂದು ಕಾದಂಬರಿಗೆ ಗೊತ್ತಿದೆ. ಸಾಲದು ಎಂದು ಗೊತ್ತಿದ್ದೂ ಆ ಕೈಯನ್ನು ಹಣೆಯ ಮೇಲಿಡಿಸುತ್ತದೆ. ಸಾಂತ್ವನದ ಪುಸ್ತಕವಾಗಿದ್ದರೆ ಆ ಬಸ್ಸನ್ನು ತಪ್ಪಿಸುತ್ತಿತ್ತು.

ಪತ್ರದ ಕಡೆಯ ಪುಟಗಳಿಗಿಂತ ಮೊದಲು ಬರುವ ಒಂದು ಸಣ್ಣ ವಿವರವನ್ನು ಹೇಳದೆ ಹೋಗಲಾರೆ. ಊರು ಬಿಡುವ ಮುನ್ನ ಕಪ್ಪು ಜನರ ಚರ್ಚಿನ ಸಭಾಪಾಲಕ ತಮ್ಮ ಅಂಗಳದ ಗಿಡಗಳನ್ನು, ಹೆಚ್ಚಾಗಿ ಲಿಲಿಗಳನ್ನು, ಅಗೆದು ತಂದು ಏಮ್ಸ್‌ಗೆ ಕೊಟ್ಟಿದ್ದ. ಅವು ಏಮ್ಸ್‌ನ ಚರ್ಚಿನ ಮುಂದೆ ಈಗಲೂ ಹೂಬಿಡುತ್ತಿವೆ. ಆ ಹಳೆಯ ಕಟ್ಟಡವನ್ನು ಏಮ್ಸ್ ಸತ್ತ ಮೇಲೆ ಕೆಡವಲಿದ್ದಾರೆ. ಅವನಿರುವವರೆಗೆ ಬೇಡ ಎಂದು ದಾಕ್ಷಿಣ್ಯಕ್ಕೆ ಕಾಯುತ್ತಿದ್ದಾರೆ. ಆ ಹೂಗಳು ಎಲ್ಲಿಂದ ಬಂದವೆಂದು ಸಭೆಯ ಹಿರಿಯರಿಗೆ ಹೇಳಬೇಕು, ಹೇಳಿದರೆ ಕೆಡವುವಾಗ ಉಳಿಸಿಯಾರು ಎಂದು ಏಮ್ಸ್ ಬರೆದುಕೊಳ್ಳುತ್ತಾನೆ. ಸುಟ್ಟ ಪ್ರಸಂಗದ ಹಾಗೆ ಇದೂ ಸಭೆಗೆ ಹೇಳಬೇಕಾದ, ಇನ್ನೂ ಹೇಳಿರದ ಮಾತು.

ಅದೇ ದಿನಗಳನ್ನು ಬೌಟನ್‌ನ ಮಗಳು ಗ್ಲೋರಿಯ ಕಣ್ಣಿನಿಂದ ಹೇಳುವ ‘ಹೋಮ್’ ಕಾದಂಬರಿಯಲ್ಲಿ, ಜ್ಯಾಕ್ ಹೋದ ಕೆಲವೇ ದಿನಕ್ಕೆ ಮನೆಯ ಮುಂದೆ ಒಂದು ಕಾರು ಬಂದು ನಿಲ್ಲುತ್ತದೆ. ಇಳಿದವಳು ಡೆಲ್ಲಾ. ಜೊತೆಗೆ ಮಗ. ಅವನ ಹೆಸರು ರಾಬರ್ಟ್, ಅಜ್ಜ ಬೌಟನ್‌ನ ಹೆಸರು. ಏಮ್ಸ್ ಯಾರಿಗಾಗಿ ಪತ್ರ ಬರೆಯುತ್ತಿದ್ದಾನೋ ಆ ಮಗನಿಗೂ ಗೆಳೆಯನ ನೆನಪಿಗೆ ಇಟ್ಟದ್ದು ಅದೇ ಹೆಸರು. ಒಬ್ಬ ರಾಬರ್ಟ್ ಈ ಊರಿನ ಅಂಗಳಗಳಲ್ಲಿ ದಿನವೂ ಆಡುತ್ತಾನೆ. ಇನ್ನೊಬ್ಬ ರಾಬರ್ಟ್ ಅಪ್ಪನ ಬಾಯಲ್ಲಿ ಕೇಳಿದ್ದ ಮನೆಯನ್ನು ಸ್ವಲ್ಪ ಹೊತ್ತು ನಿಂತು ನೋಡುತ್ತಾನೆ. ಗ್ಲೋರಿ ಒಳಗೆ ಕರೆಯುತ್ತಾಳೆ. ಡೆಲ್ಲಾ ನಿಲ್ಲುವಂತಿಲ್ಲ; ಕತ್ತಲಾಗುವುದರೊಳಗೆ ಅವರು ಉಳಿದುಕೊಳ್ಳಬಹುದಾದ ಜಾಗವನ್ನು ತಲುಪಬೇಕು. ಕಾರು ಹೋದ ಮೇಲೆ ಗ್ಲೋರಿ, ಆ ಹುಡುಗ ದೊಡ್ಡವನಾಗಿ ಎಂದೋ ಒಂದು ದಿನ ಈ ಮನೆ ಹುಡುಕಿಕೊಂಡು ಬರುತ್ತಾನೆ ಎಂದು ಕಲ್ಪಿಸಿಕೊಳ್ಳುತ್ತಾಳೆ. ತನಗೆ ಇಷ್ಟವಿಲ್ಲದ ಆ ಹಳೆಯ ಮನೆಯನ್ನು, ಅದರ ಭಾರದ ಸಾಮಾನುಗಳನ್ನು, ಇದ್ದ ಹಾಗೆಯೇ ಇಟ್ಟುಕೊಂಡು ಅಲ್ಲೇ ಉಳಿಯಬೇಕೆಂದುಕೊಳ್ಳುತ್ತಾಳೆ, ಅವನು ಬಂದಾಗ ಬಾಗಿಲು ತೆರೆಯಲು ಯಾರಾದರೂ ಇರಬೇಕಲ್ಲ ಎಂದು.

ಓದುಬಳಗದ ಆ ಹುಡುಗಿ ‘ಹೋಮ್’ ಅನ್ನು ನನ್ನಿಂದ ಎರವಲು ಪಡೆದು ತಿಂಗಳಾಯಿತು. ಇನ್ನೂ ಹಿಂತಿರುಗಿಸಿಲ್ಲ.